ಮೊದಲು ಸಿಪಿಯುವಿನ ಬೆನ್ನು ನೋಡಿ

ಎರಡನೇ ಮಾನಿಟರ್ ತಂದು ಮೇಜಿನ ಮೇಲಿಟ್ಟ ದಿನ ಸಂಜೆ ಬರುವ ಫೋನು ಹೆಚ್ಚುಕಡಿಮೆ ಒಂದೇ ಥರ.

"ಎಲ್ಲ ಸರಿಯಾಗಿ ಸಿಕ್ಕಿಸಿದ್ದೇನೆ ಮಾರಾಯ್ರೆ, ಡಿಸ್‌ಪ್ಲೇ ಬರುದಿಲ್ಲ."

"ವಯರು ಎಲ್ಲಿಗೆ ಹಾಕಿದ್ದು? ಮೇಲೆಯಾ, ಕೆಳಗೆಯಾ?"

ಮೇಜು ಎಳೆಯುವ ಸದ್ದು ಕೇಳುತ್ತದೆ. ಟಾರ್ಚ್ ಹಿಡಿಯಲು ಮನೆಯ ಮಗುವನ್ನು ಕರೆಯುವುದೂ ಕೇಳುತ್ತದೆ. "ಮೇಲೆ."

"ಅದನ್ನು ತೆಗೀರಿ. ಕೆಳಗೆ ಅಡ್ಡಕ್ಕೆ ಒಂದು ಸಾಲು ಉಂಟಲ್ಲ, ಅದಕ್ಕೆ ಹಾಕಿ."

"ಹಾ, ಬಂತು!"

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ ದಾರಿಯಾಗಿ ಬೆಳ್ತಂಗಡಿ, ಅಲ್ಲಿಂದ ವೇಣೂರು ದಾಟಿ ಮೂಡುಬಿದಿರೆ, ಮತ್ತೆ ಸಿದ್ಧಕಟ್ಟೆಯ ಮೇಲೆ ಬಂಟ್ವಾಳ. ಈ ತ್ರಿಕೋನದಲ್ಲಿ ಕಂಪ್ಯೂಟರ್ ರಿಪೇರಿಗೆಂದು ಸುತ್ತುವ ನನಗೆ ಇಂಥ ಕರೆಗಳಿಂದ ಒಂದು ರೂಪಾಯಿ ಹುಟ್ಟುವುದಿಲ್ಲ. ಆದರೆ ಇವರು ನನಗೆ ಫೋನು ಮಾಡುವ ಬದಲು ಅಂಗಡಿಗೆ ಹೋಗಿ ಹೊಸ ಗ್ರಾಫಿಕ್ಸ್ ಕಾರ್ಡ್ ತಂದಿದ್ದರೆ ಸಾವಿರಗಟ್ಟಲೆ ಹೋಗುತ್ತಿತ್ತು. ಹಾಗೆ ಹೋದದ್ದೂ ಉಂಟು. ಆದ್ದರಿಂದ ಈ ಬರಹದುದ್ದಕ್ಕೂ ನಾನು ಹೇಳುವುದು ಒಂದೇ: ಪರ್ಸು ತೆಗೆಯುವ ಮೊದಲು ಸಿಪಿಯುವಿನ ಬೆನ್ನು ನೋಡಿ.

(ಪೆಟ್ಟಿಗೆಯನ್ನು ಸಿಪಿಯು ಎನ್ನುವುದು ತಪ್ಪು. ನಿಜವಾದ ಸಿಪಿಯು ಅದರೊಳಗೆ ಫ್ಯಾನಿನ ಅಡಿಯಲ್ಲಿರುವ ಬಿಸ್ಕತ್ತಿನಷ್ಟು ದೊಡ್ಡ ಚಿಪ್ಪು. ಆದರೆ ಮೆಲ್ಕಾರಿನಿಂದ ಚಾರ್ಮಾಡಿಯವರೆಗೆ ಎಲ್ಲರೂ ಪೆಟ್ಟಿಗೆಯನ್ನೇ ಸಿಪಿಯು ಅನ್ನುವುದು, ನಾನೂ.)

ಎರಡು ಪರದೆ ಯಾರಿಗೆ ಬೇಕು? ಮದುವೆ ಆಲ್ಬಮ್ ಮಾಡುವ ಸ್ಟುಡಿಯೊದವರಿಗೆ ಬೇಕು. ಒಂದರಲ್ಲಿ ಸಾವಿರಾರು ಫೋಟೊಗಳ ರಾಶಿ, ಇನ್ನೊಂದರಲ್ಲಿ ಫೋಟೊಶಾಪ್ ಹಾಳೆ. ಡಿಟಿಪಿಯವರಿಗಂತೂ ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ ಬ್ರಹ್ಮಕಲಶ, ನೇಮ, ಮದುವೆ ಎಂದು ಆಮಂತ್ರಣ ಪತ್ರಿಕೆಗಳ ಸುಗ್ಗಿ. ವಿಷಯ ವಾಟ್ಸ್ಆ್ಯಪ್‌ನಲ್ಲಿ ಯೂನಿಕೋಡಿನಲ್ಲಿ ಬರುತ್ತದೆ, ಪುಟ ಕಟ್ಟುವುದು ಪೇಜ್‌ಮೇಕರ್‌ನಲ್ಲಿ ನುಡಿಯದೋ ಶ್ರೀಲಿಪಿಯದೋ ಹಳೆ ಫಾಂಟಿನಲ್ಲಿ, ನಡುವೆ ಒಂದು ಕನ್ವರ್ಟರ್. ಒಂದೇ ಪರದೆಯಲ್ಲಿ ಈ ಮೂರು ಕಿಟಕಿಗಳ ನಡುವೆ ಜಿಗಿದಾಡುವಾಗಲೇ ದೈವದ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗುವುದು. 2020ರ ಲಾಕ್‌ಡೌನಿನ ಹೊತ್ತಿಗೆ ಬೆಂಗಳೂರಿನಿಂದ ಅಡಿಕೆ ತೋಟದ ಮನೆಗೆ ಲ್ಯಾಪ್‌ಟಾಪ್ ಹೊತ್ತು ಬಂದ ಸಾಫ್ಟ್‌ವೇರಿನವರು ಮೂರನೆಯ ಗುಂಪು. ನಾಲ್ಕನೆಯದು ಚಿಕ್ಕದು, ನನಗೆ ಇಷ್ಟವಾದದ್ದು: ತಾಳೆಗರಿ ಓದಿ ಟೈಪ್ ಮಾಡುವವರು. ಅವರ ಮಾತು ಮುಂದೆ ಬರುತ್ತದೆ.

ಹಂತ 1: ಟಾರ್ಚ್ ಹಿಡಿದು ಬೆನ್ನು ನೋಡಿ

ಸಿಪಿಯುವನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆಯಿರಿ. ಮೊಬೈಲ್ ಟಾರ್ಚ್ ಹಾಕಿ. ಜೇಡರ ಬಲೆ ಇದ್ದರೆ ಒರೆಸಿ. ಹಿಂಬದಿಯನ್ನು ಎರಡು ಭಾಗವಾಗಿ ನೋಡಿ.

ಮೇಲ್ಭಾಗದಲ್ಲಿ ಕೀಬೋರ್ಡ್, ಮೌಸ್, ಇಂಟರ್‌ನೆಟ್ ವಯರ್, ಸ್ಪೀಕರಿನ ಹಸಿರು ತೂತು ಎಲ್ಲ ಒತ್ತೊತ್ತಾಗಿರುವ ಒಂದು ಜಾಗ ಉಂಟು. ಅದು ಮದರ್‌ಬೋರ್ಡಿನದು. ಅಲ್ಲಿಯೂ ಒಂದೆರಡು ಮಾನಿಟರ್ ತೂತುಗಳಿರಬಹುದು. ಅದರ ಕೆಳಗೆ ಅಡ್ಡಡ್ಡ ಪಟ್ಟಿಗಳು, ಕಿಟಕಿಯ ಸರಳಿನ ಹಾಗೆ. ಆ ಪಟ್ಟಿಗಳಲ್ಲಿ ಒಂದೋ ಎರಡೋ ತೆಗೆದು ಅಲ್ಲಿ ಮಾನಿಟರಿನ ತೂತುಗಳು ಮಾತ್ರ ಒಂದು ಸಾಲಿನಲ್ಲಿ ಕಾಣುತ್ತಿದ್ದರೆ ನಿಮ್ಮಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಉಂಟು ಎಂದರ್ಥ. ಎಲ್ಲ ಪಟ್ಟಿಗಳೂ ಮುಚ್ಚಿದ್ದರೆ ಇಲ್ಲ.

ಕಾರ್ಡ್ ಇದೆಯಾದರೆ ಎಲ್ಲ ಮಾನಿಟರುಗಳೂ ಕೆಳಗಿನ ಸಾಲಿಗೆ. ಕಾರ್ಡ್ ಹಾಕಿದ ಮೇಲೆ ಹಲವು ಕಂಪ್ಯೂಟರುಗಳು ಮೇಲಿನ ತೂತುಗಳನ್ನು ತಾವಾಗಿಯೇ ಮಲಗಿಸಿಬಿಡುತ್ತವೆ. ಒಂದು ಮಾನಿಟರ್ ಮೇಲೆ, ಒಂದು ಕೆಳಗೆ ಹಾಕಿದವರಿಗೆ ಒಂದರಲ್ಲಿ ಮಾತ್ರ ಚಿತ್ರ ಬರುವುದು ಅದಕ್ಕೇ. ಇನ್ನೂ ಒಂದು ಸಂಗತಿ. ಇಂಟೆಲ್ ಪ್ರೊಸೆಸರಿನ ನಂಬರಿನ ಕೊನೆಗೆ 'ಎಫ್' ಅಕ್ಷರ ಇದ್ದರೆ, ಉದಾಹರಣೆಗೆ ಐ5-12400ಎಫ್, ಅದರೊಳಗೆ ಚಿತ್ರ ತೋರಿಸುವ ಭಾಗವೇ ಇಲ್ಲ. ಅಂಥ ಯಂತ್ರದಲ್ಲಿ ಮೇಲಿನ ತೂತುಗಳು ಬರೀ ಅಲಂಕಾರ.

ಕಾರ್ಡ್ ಇಲ್ಲದವರು ಬೇಸರಪಡಬೇಕಾಗಿಲ್ಲ. ಆಫೀಸುಗಳಿಂದ ಬಂದು ಸೆಕೆಂಡ್ ಹ್ಯಾಂಡ್ ಮಾರಾಟವಾಗುವ ಸಪೂರ ಡೆಸ್ಕ್‌ಟಾಪುಗಳಲ್ಲಿ ಎಷ್ಟೋ ಸಲ ಮದರ್‌ಬೋರ್ಡಿನಲ್ಲೇ ಎರಡು ಡಿಸ್‌ಪ್ಲೇಪೋರ್ಟ್ ಇರುತ್ತವೆ. ಎರಡು ಮಾನಿಟರಿಗೆ ಅಷ್ಟು ಧಾರಾಳ. ಸಾದಾ ಡಿಟಿಪಿ, ಟ್ಯಾಲಿ, ಬ್ರೌಸರ್ ಕೆಲಸಕ್ಕೆ ಬೇರೆ ಕಾರ್ಡ್ ಬೇಕು ಎಂದು ಯಾರಾದರೂ ಹೇಳಿದರೆ "ಯಾಕೆ?" ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಹಂತ 2: ತೂತಿನ ಗುರುತು ಹಿಡಿಯಿರಿ

ಮಾನಿಟರ್ ತೂತುಗಳು ನಾಲ್ಕು ಜಾತಿ. ನಾವು ಎಲ್ಲವನ್ನೂ 'ಪಿನ್' ಅನ್ನುತ್ತೇವೆ. ಅಂಗಡಿಯಲ್ಲಿ ಗೊಂದಲ ಶುರುವಾಗುವುದು ಅಲ್ಲಿಂದಲೇ.

ನೀಲಿ ಬಣ್ಣದ್ದು, ಮೂರು ಸಾಲಿನಲ್ಲಿ 15 ತೂತು, ಎರಡೂ ಬದಿಗೆ ಸ್ಕ್ರೂ: ಇದು ವಿಜಿಎ. 1987ರಲ್ಲಿ ಐಬಿಎಂ ತಂದದ್ದು. ಇದರಲ್ಲಿ ಹರಿಯುವುದು ಹಳೆ ಕಾಲದ ಅನಲಾಗ್ ಸಂಕೇತ. ಹಾಗಾಗಿ ಸಣ್ಣ ಕನ್ನಡ ಅಕ್ಷರಗಳ ಅಂಚು ತುಸು ಮಬ್ಬು. ಹೊಸ ಕಾರ್ಡುಗಳಲ್ಲಿ ಇದು ಇಲ್ಲ, ಆದರೆ ಹಳೆ ಮಾನಿಟರುಗಳಲ್ಲಿ ಇದು ಬಿಟ್ಟರೆ ಬೇರೆ ಇಲ್ಲ. ಅರ್ಧ ಜಗಳ ಇಲ್ಲಿಯೇ.

ಬಿಳಿ ಬಣ್ಣದ್ದು, ಅಗಲವಾದದ್ದು, ಒಂದು ಬದಿಗೆ ಚಪ್ಪಟೆ ಸೀಳು: ಡಿವಿಐ. ಆ ಚಪ್ಪಟೆ ಸೀಳಿನ ಸುತ್ತ ನಾಲ್ಕು ಚಿಕ್ಕ ತೂತುಗಳಿದ್ದರೆ ಅದು ಡಿವಿಐ-ಐ. ಒಂದು ಪುಟ್ಟ ಅಡಾಪ್ಟರ್ ಹಾಕಿದರೆ ವಿಜಿಎ ಮಾನಿಟರೂ ನಡೆಯುತ್ತದೆ. ಆ ನಾಲ್ಕು ತೂತು ಇಲ್ಲದಿದ್ದರೆ ಅದು ಡಿವಿಐ-ಡಿ. ಅದಕ್ಕೆ ಆ ಅಡಾಪ್ಟರ್ ಒಳಗೆ ಹೋಗುವುದೇ ಇಲ್ಲ, ಒತ್ತಿದರೆ ಪಿನ್ ಬಗ್ಗುತ್ತದೆ. ಎನ್‌ವಿಡಿಯಾದ ಜಿಟಿಎಕ್ಸ್ 10 ಸರಣಿಯಿಂದ ಈಚೆಗೆ ಡಿವಿಐ ಇದ್ದರೂ ಡಿ ಮಾತ್ರ.

ಟಿವಿಯಲ್ಲಿ ಇರುವಂಥದ್ದು, ಕೆಳಗಿನ ಎರಡೂ ಮೂಲೆ ಓರೆ: ಎಚ್‌ಡಿಎಂಐ. ಇದು ಎಲ್ಲರಿಗೂ ಗೊತ್ತು.

ಅದರ ಹಾಗೆಯೇ ಕಂಡು ಒಂದೇ ಮೂಲೆ ಓರೆಯಾಗಿರುವುದು: ಡಿಸ್‌ಪ್ಲೇಪೋರ್ಟ್. ಇದನ್ನು ಎಚ್‌ಡಿಎಂಐ ಎಂದುಕೊಂಡು ತಳ್ಳಿ ತಳ್ಳಿ ಕೆಡಿಸಿದವರಿದ್ದಾರೆ. ಇದರ ವಯರಿನ ತಲೆಯ ಮೇಲೆ ಸಾಮಾನ್ಯವಾಗಿ ಒಂದು ಒತ್ತುಗುಂಡಿ ಇರುತ್ತದೆ. ತೆಗೆಯುವಾಗ ಅದನ್ನು ಒತ್ತಿಯೇ ಎಳೆಯಬೇಕು, ಇಲ್ಲದಿದ್ದರೆ ಒಳಗಿನ ಕೊಕ್ಕೆ ಕಚ್ಚಿಕೊಂಡೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡಿನವರಿಗೆ ಇದು ಬಲು ಪ್ರೀತಿ. ಆರ್‌ಟಿಎಕ್ಸ್ 3060ರಂಥ ಕಾರ್ಡಿನ ಬೆನ್ನಲ್ಲಿ ಸಾಮಾನ್ಯವಾಗಿ ಒಂದು ಎಚ್‌ಡಿಎಂಐ, ಮೂರು ಡಿಸ್‌ಪ್ಲೇಪೋರ್ಟ್. ಎರಡು ಎಚ್‌ಡಿಎಂಐ ಮಾನಿಟರ್ ಕೊಂಡುತಂದವರು ತಲೆ ಕೆರೆದುಕೊಳ್ಳುವುದು ಇದನ್ನು ನೋಡಿ.

ಈಗ ಒಂದು ಚೀಟಿಯಲ್ಲಿ ಬರೆಯಿರಿ. ಎಡಗಡೆ ಕಾರ್ಡಿನ ತೂತುಗಳು, ಬಲಗಡೆ ಪ್ರತಿ ಮಾನಿಟರಿನ ತೂತುಗಳು. ಒಂದಕ್ಕೊಂದು ಗೆರೆ ಎಳೆಯಿರಿ. ಆ ಚೀಟಿ ಇಲ್ಲದೆ ಅಂಗಡಿಗೆ ಹೋಗಬೇಡಿ. ಫೋಟೊ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಹಂತ 3: ತೂತು ನಾಲ್ಕಿದ್ದರೆ ಪರದೆ ನಾಲ್ಕು ಎನ್ನುವಂತಿಲ್ಲ

ಕಾರ್ಡು ಒಂದೇ ಸಲಕ್ಕೆ ಎಷ್ಟು ಪರದೆ ಹೊರುತ್ತದೆ ಎನ್ನುವುದು ಬೇರೆ ಲೆಕ್ಕ. ಜಿಟಿ 1030 ಎರಡನ್ನು ಮಾತ್ರ ಹೊರುತ್ತದೆ. ಆರ್‌ಟಿಎಕ್ಸ್ 3060 ನಾಲ್ಕು. ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಎರಡನೇ ತಲೆಮಾರಿನಲ್ಲಿ ಎರಡು ಪರದೆಗೆ ನಿಲ್ಲುತ್ತಿತ್ತು, ಮೂರನೇ ತಲೆಮಾರಿನಿಂದ ಮೂರಕ್ಕೆ ಏರಿತು. ನಿಮ್ಮ ಕಾರ್ಡಿನ ಹೆಸರು ಗೊತ್ತಿಲ್ಲದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಕೆಳಗೆ ಜಿಪಿಯು ಎಂದಿರುವಲ್ಲಿ ನೋಡಿ. ಆ ಹೆಸರನ್ನು ತಯಾರಕರ ಜಾಲತಾಣದಲ್ಲಿ ಹುಡುಕಿದರೆ 'ಗರಿಷ್ಠ ಪರದೆ' ಎಂಬ ಸಾಲು ಸಿಗುತ್ತದೆ.

ಕಾರ್ಡ್ ಎರಡು ಹೊತ್ತು ಸುಸ್ತಾದರೆ, ಮೂರನೆಯದಕ್ಕೆ ಮದರ್‌ಬೋರ್ಡಿನ ತೂತನ್ನು ಎಬ್ಬಿಸಬಹುದು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದ್ದರೆ ಮಾತ್ರ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿ ಟಕಟಕ ಒತ್ತಿ ಬಯಾಸ್ ಒಳಗೆ ಹೋಗಿ, ಇಂಟರ್ನಲ್ ಗ್ರಾಫಿಕ್ಸ್ ಅಥವಾ ಐಜಿಪಿಯು ಮಲ್ಟಿ ಮಾನಿಟರ್ ಎಂಬುದನ್ನು ಎನೇಬಲ್ ಮಾಡಿ ಸೇವ್ ಮಾಡಬೇಕು. ಬೋರ್ಡಿಗೊಂದು ಹೆಸರು ಇಟ್ಟಿರುತ್ತಾರೆ. ಬೇರೆ ಏನನ್ನೂ ಮುಟ್ಟಬೇಡಿ.

ಹಂತ 4: ವಯರು, ಕನ್ವರ್ಟರ್, ಮತ್ತು ಸ್ಪ್ಲಿಟರ್ ಎಂಬ ಮೋಹಿನಿ

ತೂತೂ ತೂತೂ ಹೊಂದಿದರೆ ನೇರ ವಯರು. ಬೇರೆ ಚಿಂತೆ ಇಲ್ಲ.

ಹೊಂದದಿದ್ದರೆ ಕನ್ವರ್ಟರ್. ಇಲ್ಲಿ ದಿಕ್ಕು ಮುಖ್ಯ, ಇದನ್ನು ಎರಡು ಸಲ ಓದಿ. ಕಾರ್ಡಿನಲ್ಲಿ ಡಿಸ್‌ಪ್ಲೇಪೋರ್ಟ್, ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದರೆ ಸಾದಾ ವಯರೇ ಸಾಕು. ಡಿಸ್‌ಪ್ಲೇಪೋರ್ಟಿಗೆ ಎಚ್‌ಡಿಎಂಐ ಭಾಷೆಯೂ ಬರುತ್ತದೆ. ಎಚ್‌ಡಿಎಂಐಗೆ ಆ ಭಾಷೆ ಬರುವುದಿಲ್ಲ. ಹಾಗಾಗಿ ಅದೇ ವಯರನ್ನು ತಿರುಗಿಸಿ, ಕಾರ್ಡಿನ ಕಡೆ ಎಚ್‌ಡಿಎಂಐ, ಮಾನಿಟರಿನ ಕಡೆ ಡಿಸ್‌ಪ್ಲೇಪೋರ್ಟ್ ಹಾಕಿದರೆ ಕತ್ತಲೆ. ಹಾಗೆ ಬೇಕಿದ್ದರೆ ಒಳಗೆ ಚಿಪ್ಪಿರುವ, ಯುಎಸ್‌ಬಿಯಿಂದ ಕರೆಂಟ್ ಎಳೆಯುವ ಬೇರೆಯೇ ಕನ್ವರ್ಟರ್ ಬೇಕು.

ಎಚ್‌ಡಿಎಂಐಯಿಂದ ವಿಜಿಎ ಮಾಡುವ ಕನ್ವರ್ಟರಿನಲ್ಲೂ ಚಿಪ್ಪಿದೆ. ಮುಟ್ಟಿದರೆ ಉಗುರುಬೆಚ್ಚಗೆ ಇರುತ್ತದೆ. ಅದಕ್ಕೆ ಬೇಕಾದ ಕರೆಂಟ್ ಎಚ್‌ಡಿಎಂಐಯ ಒಂದು ಪಿನ್ನಿನಿಂದಲೇ ಸಿಗಬೇಕು, ಆ ಪಿನ್ ಕೊಡುವುದು ತೀರಾ ಅಲ್ಪ. ಮಾನಿಟರ್ ಹತ್ತಿ ಆರಿ ಹತ್ತಿ ಆರಿ ಮಾಡಿದರೆ, ಬದಿಗೆ ಚಿಕ್ಕ ಯುಎಸ್‌ಬಿ ಬಾಲ ಇರುವ ಕನ್ವರ್ಟರ್ ತನ್ನಿ.

ಇನ್ನು ಸ್ಪ್ಲಿಟರ್. ಒಂದು ಎಚ್‌ಡಿಎಂಐ ಒಳಗೆ, ಎರಡು ಹೊರಗೆ. ನೋಡಿದರೆ ಯಾರಿಗಾದರೂ ಇದೇ ಬೇಕಾದದ್ದು ಅನ್ನಿಸಬೇಕು. ಬೆಳ್ತಂಗಡಿ ಕಡೆಯ ಒಬ್ಬ ಡಿಟಿಪಿ ಅಕ್ಕ ಇದನ್ನು ಆನ್‌ಲೈನಿನಲ್ಲಿ ತರಿಸಿ, ಎರಡು ಮಾನಿಟರಿಗೆ ಹಾಕಿ, ಎರಡರಲ್ಲೂ ಚಿತ್ರ ಬಂದ ಖುಷಿಯಲ್ಲಿ ನನಗೆ ಫೋಟೊ ಕಳಿಸಿದ್ದರು. ಎರಡರಲ್ಲೂ ಅದೇ ಆಮಂತ್ರಣ, ಅದೇ ಜಾಗದಲ್ಲಿ ಅದೇ ಮೌಸ್ ಬಾಣ. "ಒಂದನ್ನು ಬೇರೆ ಮಾಡುದು ಹೇಗೆ ಅಣ್ಣ?" ಮಾಡಲಿಕ್ಕೆ ಆಗುವುದಿಲ್ಲ ಅಕ್ಕ. ಸ್ಪ್ಲಿಟರ್ ನಕಲು ತೆಗೆಯುವ ಯಂತ್ರ. ಮದುವೆ ಹಾಲಿನಲ್ಲಿ ವೇದಿಕೆಯ ಎರಡು ಬದಿಯ ಟಿವಿಗಳಲ್ಲಿ ಒಂದೇ ದೃಶ್ಯ ತೋರಿಸಲು ಅದು ಸರಿಯಾದ ವಸ್ತು. ನಿಮ್ಮ ಮೇಜಿಗೆ ಅಲ್ಲ. ಕಾರ್ಡಿನ ಒಂದು ಎಚ್‌ಡಿಎಂಐ ತೂತಿನಿಂದ ಹೊರಡುವುದು ಒಂದೇ ಚಿತ್ರ. ಅದನ್ನು ಎಷ್ಟು ಕವಲು ಮಾಡಿದರೂ ಎಲ್ಲದರಲ್ಲೂ ಅದೇ.

ವಯರಿನ ಉದ್ದ ಒಂದೂವರೆ ಮೀಟರ್ ಸಾಕು. ನಿಮ್ಮ ಮಾನಿಟರ್ 4ಕೆಯಾಗಿದ್ದರೆ ಮಾತ್ರ ವಯರಿನ ಗುಣ ನೋಡಬೇಕು. ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲವಷ್ಟೇ ಬದಲಾಗುತ್ತದೆ, ಮೌಸ್ ಬಾಣ ಎಳೆದಂತೆ ಕಾಣುತ್ತದೆ. 2.0 ಆದರೆ 60.

ಹಂತ 5: ಕಾರ್ಡ್ ಹಾಕಲೇಬೇಕಾದರೆ

ಇದು ಕೆಲವರಿಗೆ ಮಾತ್ರ. ಉಳಿದವರು ಮುಂದಿನ ಹಂತಕ್ಕೆ ಹೋಗಿ.

ಕೊಳ್ಳುವ ಮೊದಲು ಎರಡು ಸಂಗತಿ. ಸಪೂರ ಪೆಟ್ಟಿಗೆಯಾದರೆ ಕಾರ್ಡೂ ಗಿಡ್ಡದ್ದೇ ಆಗಬೇಕು. ಲೋ ಪ್ರೊಫೈಲ್ ಎಂದು ಕೇಳಿ, ಗಿಡ್ಡ ಪಟ್ಟಿ ಡಬ್ಬಿಯಲ್ಲೇ ಇದೆಯೋ ನೋಡಿ. ಎರಡನೆಯದು ಕರೆಂಟು. ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್‌ವರೆಗೆ ಕೊಡುತ್ತದೆ. 30 ವ್ಯಾಟಿನ ಜಿಟಿ 1030 ಅಷ್ಟರಲ್ಲಿ ಹಾಯಾಗಿ ನಡೆಯುತ್ತದೆ. 75 ವ್ಯಾಟ್ ಮೀರುವ ಕಾರ್ಡಿಗೆ ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಅಂದರೆ ಎಸ್‌ಎಂಪಿಎಸ್‌ನಿಂದ ಆರು ಅಥವಾ ಎಂಟು ಪಿನ್ನಿನ ಬೇರೆ ವಯರು ಬೇಕು. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಆ ವಯರು ಇಲ್ಲದಿದ್ದರೆ ಆ ಕಾರ್ಡಿನ ಆಸೆ ಬಿಡಿ.

ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ಗನ್ನೇ ಕೀಳಿ. ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟ್ ಹೋಗಲು ಬಿಡಿ. ಎಡ ಬದಿಯ ತಗಡಿನ ಎರಡು ಸ್ಕ್ರೂ ಬಿಚ್ಚಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಯುತ್ತದೆ. ಎಲ್ಲಕ್ಕಿಂತ ಉದ್ದದ ಸ್ಲಾಟ್ ಯಾವುದು ನೋಡಿ, ಅದಕ್ಕೆ ನೇರ ಇರುವ ಹಿಂಬದಿಯ ಪಟ್ಟಿ ತೆಗೆಯಿರಿ. ಕಾರ್ಡನ್ನು ನೆಟ್ಟಗೆ ಹಿಡಿದು, ಎರಡೂ ತುದಿಗೆ ಸಮವಾಗಿ ಒತ್ತಿ. ಸ್ಲಾಟಿನ ತುದಿಯ ಕೊಕ್ಕೆ 'ಟಿಕ್' ಅನ್ನಬೇಕು. ಆ ಸದ್ದು ಕೇಳದಿದ್ದರೆ ಕೂತಿಲ್ಲ. ಸ್ಕ್ರೂ ಹಾಕಿ.

ಹಳೆ ಕಾರ್ಡಾದರೆ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮೊದಲು ನೋಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಬಟ್ಟೆಯೇ ಒದ್ದೆ. ಆ ಹಲ್ಲುಗಳು ಕಪ್ಪಾಗುತ್ತವೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ರಬ್ಬರಿನ ಪುಡಿಯನ್ನು ಬ್ರಷ್ಷಿನಿಂದ ಗುಡಿಸಿ ಹಾಕಿ. "ಕಾರ್ಡ್ ಹೋಗಿದೆ" ಎಂದು ಮೂಲೆಗಿಟ್ಟ ಎಷ್ಟೋ ಕಾರ್ಡುಗಳು ಎರಡು ರೂಪಾಯಿಯ ರಬ್ಬರಿನಿಂದ ಎದ್ದು ಕೂತಿವೆ. ಹಲ್ಲಿಮೊಟ್ಟೆ, ಇರುವೆ ಗೂಡು ಕಂಡರೆ ಅದನ್ನೂ ಇದೇ ಕೈಯಲ್ಲಿ ತೆಗೆದುಬಿಡಿ.

ಹಂತ 6: ಸಿಕ್ಕಿಸುವ ಮೊದಲು ಅರ್ತಿಂಗ್

ಯಾವ ಮಾರ್ಗದರ್ಶಿಯಲ್ಲೂ ಇದನ್ನು ಇಷ್ಟು ದೊಡ್ಡದು ಮಾಡಿರುವುದಿಲ್ಲ. ನಾನು ಮಾಡುತ್ತೇನೆ, ಯಾಕೆಂದರೆ ಸುಟ್ಟ ಎಚ್‌ಡಿಎಂಐ ತೂತುಗಳನ್ನು ನೋಡುವುದು ನಾನು.

ಹಂಚಿನ ಹಳೆ ಮನೆಗಳಲ್ಲಿ ಸಿಪಿಯುವಿನ ತಗಡಿಗೆ ಬರಿಗೈ ತಾಗಿಸಿದರೆ ಜುಂ ಅನ್ನುವುದು ನಿಮಗೂ ಗೊತ್ತಿರಬಹುದು. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಎಸ್‌ಎಂಪಿಎಸ್‌ನ ಒಳಗೆ ಕರೆಂಟಿನ ಕಸ ಸೋಸುವ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಅವು ಆ ಕಸವನ್ನು ಅರ್ತ್ ವಯರಿಗೆ ಹಾಕುತ್ತವೆ. ಅರ್ತ್ ಇಲ್ಲದಿದ್ದರೆ ಅದು ತಗಡಿನಲ್ಲೇ ಉಳಿಯುತ್ತದೆ, 230 ವೋಲ್ಟಿನ ಅರ್ಧದಷ್ಟು, ಸುಮಾರು 115. ಹರಿಯುವ ಕರೆಂಟ್ ತೀರಾ ಕಡಿಮೆ, ಮನುಷ್ಯನಿಗೆ ಜುಂ ಅಷ್ಟೇ. ಆದರೆ ಆ ತಗಡಿನಿಂದ ಎಚ್‌ಡಿಎಂಐ ವಯರಿನ ಲೋಹದ ಮೂತಿಗೆ, ಅಲ್ಲಿಂದ ಮಾನಿಟರಿನ ಸೂಕ್ಷ್ಮ ಚಿಪ್ಪಿಗೆ ಅದು ಒಂದು ಕಿಡಿಯಾಗಿ ದಾಟಿದರೆ ಆ ತೂತಿನ ಕಥೆ ಮುಗಿಯಬಹುದು.

ಮುರಕಲ್ಲಿನ ನೆಲದಲ್ಲಿ ತೆಗೆದ ಅರ್ತ್ ಗುಂಡಿ ಮಾರ್ಚ್ ಹೊತ್ತಿಗೆ ಒಣಗಿ ಬಿರಿದಿರುತ್ತದೆ. ಅದಕ್ಕೆ ಆಗಾಗ ಒಂದು ಕೊಡ ನೀರು ಹಾಕಿ. ಎಲೆಕ್ಟ್ರಿಷಿಯನ್ ಕೈಯಲ್ಲಿ ಒಮ್ಮೆ ತಪಾಸಣೆ ಮಾಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ ಮಾಡುವ ಆ ಬಿಳಿ ತುಂಡು ಇದೆಯಲ್ಲ, ಅದನ್ನು ಮನೆಯಿಂದಲೇ ಹೊರಗೆ ಹಾಕಿ. ಸಿಪಿಯು, ಮಾನಿಟರುಗಳು, ಸ್ಪೀಕರ್ ಎಲ್ಲವೂ ಅರ್ತ್ ಇರುವ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಲಿ. ಯುಪಿಎಸ್ ಇದ್ದರೆ ಅದರಿಂದ. 600 ವಿಎಯ ಸಾಮಾನ್ಯ ಯುಪಿಎಸ್ 360 ವ್ಯಾಟಿನದ್ದು. 22 ಇಂಚಿನ ಎಲ್‌ಇಡಿ ಮಾನಿಟರ್ ತಿನ್ನುವುದು ಹೆಚ್ಚೆಂದರೆ 25–30 ವ್ಯಾಟ್. ಇನ್ನೊಂದು ಸೇರಿಸಿದರೆ ಯುಪಿಎಸ್ ಕುಸಿಯುವುದಿಲ್ಲ, ಕರೆಂಟ್ ಹೋದಾಗ ನಿಮಗೆ ಸಿಗುವ ನಿಮಿಷಗಳು ತುಸು ಕಮ್ಮಿಯಾಗುತ್ತವೆ, ಅಷ್ಟೇ.

ಈಗ ಎಲ್ಲವನ್ನೂ ಆಫ್ ಮಾಡಿಯೇ ವಯರು ಸಿಕ್ಕಿಸಿ. ವಿಜಿಎ, ಡಿವಿಐಗಳ ಸ್ಕ್ರೂ ಬೆರಳಿನಲ್ಲಿ ತಿರುಗಿಸಿ, ಬಿಗಿಯಾಗುವಷ್ಟು ಸಾಕು. ಮೊದಲು ಮಾನಿಟರುಗಳನ್ನು, ಕೊನೆಗೆ ಸಿಪಿಯುವನ್ನು ಆನ್ ಮಾಡಿ.

ಹಂತ 7: ಪರದೆ ಹಾಸುವುದು

ವಿಂಡೋಸ್ 10, 11 ಎರಡರಲ್ಲೂ ಒಂದೇ ದಾರಿ. ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ಡುಪ್ಲಿಕೇಟ್ ಎಂದರೆ ನಕಲು. ನಿಮಗೆ ಬೇಕಾದದ್ದು ಎಕ್ಸ್‌ಟೆಂಡ್. ಒತ್ತಿದ ಕೂಡಲೇ ಎರಡನೇ ಮಾನಿಟರಿನಲ್ಲಿ ಖಾಲಿ ಡೆಸ್ಕ್‌ಟಾಪ್ ಹಾಸಿಕೊಳ್ಳುತ್ತದೆ.

ಆಮೇಲೆ ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. 1, 2 ಎಂದು ಬರೆದ ಪೆಟ್ಟಿಗೆಗಳು ಕಾಣುತ್ತವೆ. ಐಡೆಂಟಿಫೈ ಒತ್ತಿದರೆ ಆ ಅಂಕಿಗಳು ಮಾನಿಟರುಗಳ ಮೇಲೇ ದೊಡ್ಡದಾಗಿ ಮೂಡುತ್ತವೆ. ಮೇಜಿನ ಮೇಲೆ ಎಡಗಡೆ ಇರುವುದು ಇಲ್ಲಿಯೂ ಎಡಗಡೆ ಬರುವಂತೆ ಪೆಟ್ಟಿಗೆಯನ್ನು ಎಳೆದು ಇಡಿ. ಇದನ್ನು ಮಾಡದೆ ಬಿಟ್ಟವರು "ಮೌಸ್ ಆ ಕಡೆ ಹೋಗುದೇ ಇಲ್ಲ" ಎನ್ನುತ್ತಾರೆ. ಹೋಗುತ್ತದೆ, ತಪ್ಪು ಬದಿಯಿಂದ. ಪೆಟ್ಟಿಗೆಗಳ ಮೇಲಂಚು ಸಮ ಇಲ್ಲದಿದ್ದರೂ ಬಾಣ ಕೆಲವು ಕಡೆ ಗೋಡೆಗೆ ಬಡಿದಂತೆ ನಿಲ್ಲುತ್ತದೆ, ಕೆಲವು ಕಡೆ ದಾಟುತ್ತದೆ. ಎರಡೂ ಪೆಟ್ಟಿಗೆಗಳು ತಾಗಿರುವ ಅಂಚಿನಲ್ಲಿ ಮಾತ್ರ ಬಾಗಿಲು ಇರುವುದು.

ದಿನವಿಡೀ ನೋಡುವ ಪರದೆಯನ್ನು ಆರಿಸಿ 'ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ' ಎಂಬುದಕ್ಕೆ ಟಿಕ್ ಹಾಕಿ. ರೆಸಲ್ಯೂಷನ್ ಪ್ರತಿ ಮಾನಿಟರಿಗೂ 'ರೆಕಮೆಂಡೆಡ್' ಎಂದಿರುವುದೇ ಇರಲಿ. ಹಳೆ 18.5 ಇಂಚಿನದಕ್ಕೆ 1366×768, ಹೊಸದಕ್ಕೆ 1920×1080 ಬಂದರೆ ಅದು ಸರಿಯೇ. ಒಂದು ಕಿಟಕಿಯನ್ನು ಆ ಕಡೆಗೆ ಸಾಗಿಸಲು ವಿಂಡೋಸ್, ಶಿಫ್ಟ್ ಎರಡನ್ನೂ ಹಿಡಿದು ಬಾಣದ ಕೀಲಿ ಒತ್ತಿ. ಇದೊಂದು ಕೈಗೆ ಕೂತರೆ ಸಾಕು.

ಈಗ ಆ ತಾಳೆಗರಿಯವರ ವಿಷಯ. ಮೂಡುಬಿದಿರೆ ಎಂದರೆ ಹೊರಗಿನವರಿಗೆ 1430ರ ಸಾವಿರ ಕಂಬದ ಬಸದಿ. ಓದುಬರಹದವರಿಗೆ ಅದಕ್ಕಿಂತ ಮಿಗಿಲು ಸಿದ್ಧಾಂತ ಬಸದಿ, ಜೈನರ ಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಜಾಗ. ಈ ಊರಿನಲ್ಲಿ ಗರಿ ನೋಡಿ ಪ್ರತಿ ಮಾಡುವುದು ಹಳೆ ಕಸುಬು. ಈಗ ಅದೇ ಕೆಲಸವನ್ನು ಗರಿಯ ಫೋಟೊ ನೋಡಿ ಮನೆಯಲ್ಲೇ ಮಾಡುವವರಿದ್ದಾರೆ. ಅಂಥ ಒಬ್ಬರು ಮೇಷ್ಟ್ರ ಮೇಜನ್ನು ನಾನು ಜೋಡಿಸಿಕೊಟ್ಟಾಗ ಕಂಡದ್ದು ಇಷ್ಟು. ಗರಿ ಉದ್ದಕ್ಕೆ, ಸಪೂರಕ್ಕೆ ಇರುತ್ತದೆ, ಅಗಲದ ಮಾನಿಟರಿಗೆ ಹೇಳಿ ಮಾಡಿಸಿದಂತೆ. ಟೈಪ್ ಮಾಡುವ ಪುಟ ಮಾತ್ರ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಎರಡನೇ ಮಾನಿಟರನ್ನು ಸ್ಟ್ಯಾಂಡಿನಲ್ಲೇ ತಿರುಗಿಸಿ ನೆಟ್ಟಗೆ ನಿಲ್ಲಿಸಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಓರಿಯೆಂಟೇಷನ್‌ನಲ್ಲಿ ಪೋರ್ಟ್ರೇಟ್ ಎಂದು ಆರಿಸಿದೆವು. ಎಡಗಡೆ ಮಲಗಿದ ಗರಿ, ಬಲಗಡೆ ನಿಂತ ಪುಟ. ಮೇಷ್ಟ್ರು ಐದು ನಿಮಿಷ ಏನೂ ಹೇಳದೆ ಟೈಪ್ ಮಾಡುತ್ತ ಕೂತರು. ನಾನು ಚಾ ಕುಡಿದು ಹೊರಡುವಾಗಲೂ ತಲೆ ಎತ್ತಲಿಲ್ಲ.

ಹಂತ 8: ಆದರೂ ಬರದಿದ್ದರೆ

ಈ ಕ್ರಮದಲ್ಲಿ ನೋಡಿ, ಕ್ರಮ ತಪ್ಪಿಸಬೇಡಿ. ಮಾನಿಟರಿನ ಬಟನ್ನಿನಲ್ಲಿ ಇನ್‌ಪುಟ್ ಅಥವಾ ಸೋರ್ಸ್ ಸರಿಯಾದದ್ದೇ ಆರಿಸಿದೆಯೋ? ವಯರು ಎಚ್‌ಡಿಎಂಐಯಲ್ಲಿ, ಮಾನಿಟರು ವಿಜಿಎಗೆ ಕಾಯುತ್ತಾ ಕೂತಿರುವುದು ಬಹಳ. ಆಮೇಲೆ ಎರಡು ಮಾನಿಟರುಗಳ ವಯರನ್ನು ಅದಲುಬದಲು ಮಾಡಿ. ದೋಷ ವಯರಿನ ಜೊತೆ ಹೋದರೆ ವಯರು, ಮಾನಿಟರಿನಲ್ಲೇ ಉಳಿದರೆ ಮಾನಿಟರು, ತೂತಿನಲ್ಲೇ ಉಳಿದರೆ ಕಾರ್ಡು. ದುಡ್ಡು ಖರ್ಚಿಲ್ಲದ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ನಂತರ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಮಿಣುಕಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಕಡೆಗೆ ಡ್ರೈವರ್. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಇವರವರ ಸ್ವಂತ ಜಾಲತಾಣದಿಂದಲೇ ಇಳಿಸಿ, 'ಫ್ರೀ ಡ್ರೈವರ್ ಅಪ್‌ಡೇಟರ್' ಎಂದು ಕುಣಿಯುವ ಜಾಹೀರಾತಿನಿಂದಲ್ಲ.

ಚಿತ್ರ ಬಂದು ಸೌಂಡ್ ಹೋಯಿತೇ? ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎರಡೂ ಶಬ್ದವನ್ನೂ ಒಯ್ಯುತ್ತವೆ. ಕಂಪ್ಯೂಟರ್ ಹೊಸ ಮಾನಿಟರನ್ನೇ ಸ್ಪೀಕರ್ ಎಂದು ತಿಳಿದುಕೊಂಡಿದೆ. ಕೆಳಗಿನ ಸ್ಪೀಕರ್ ಚಿತ್ರ ಒತ್ತಿ ಹಳೆಯದನ್ನೇ ಆರಿಸಿ.

ಲ್ಯಾಪ್‌ಟಾಪಿನವರಿಗೆ ಎರಡೇ ಮಾತು. ಎಚ್‌ಡಿಎಂಐ ಇದ್ದರೆ ಒಂದು ಮಾನಿಟರ್ ಅದಕ್ಕೆ. ಯುಎಸ್‌ಬಿ-ಸಿ ತೂತಿನ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟಿನ ಡಿ, ಪಿ ಅಕ್ಷರಗಳ ಗುರುತೋ ಮಿಂಚಿನ ಗುರುತೋ ಇದ್ದರೆ ಇನ್ನೊಂದು ಅದಕ್ಕೆ. ಗುರುತು ಇಲ್ಲದಿದ್ದರೆ ಮಾದರಿಯ ವಿವರ ನೋಡಿಯೇ ವಯರು ಕೊಳ್ಳಿ. ಚಾರ್ಜ್ ಮಾತ್ರ ಮಾಡಿ ಚಿತ್ರ ಕೊಡದ ಯುಎಸ್‌ಬಿ-ಸಿ ಬೇಕಾದಷ್ಟಿವೆ.

ಸಿಡಿಲಿನ ದಿನ

ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆ ಕಪ್ಪಾಗಿ ಮೊದಲ ಗುಡುಗು ಕೇಳಿದ ಕೂಡಲೇ ಕೆಲಸ ಸೇವ್ ಮಾಡಿ, ಶಟ್‌ಡೌನ್ ಮಾಡಿ, ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್‌ನೆಟ್ ವಯರನ್ನೂ ಕೀಳಿ. ಕಳೆದ ಒಂದು ಮಳೆಗಾಲದ ಮುಂಚೆ ನಾನು ನೋಡಿದ ಮೂರು ಸುಟ್ಟ ಯಂತ್ರಗಳಲ್ಲಿ ಎರಡಕ್ಕೆ ಸಿಡಿಲು ಬಂದದ್ದು ಕರೆಂಟಿನ ವಯರಿನಿಂದ ಅಲ್ಲ, ಲ್ಯಾನ್ ವಯರಿನಿಂದ. ಅಲ್ಲಿಂದ ಮದರ್‌ಬೋರ್ಡು, ಕಾರ್ಡು, ಎಚ್‌ಡಿಎಂಐ ಹಿಡಿದು ಸಾಲಾಗಿ ಎರಡು ಮಾನಿಟರು. ಮಾನಿಟರ್ ಎರಡಿದ್ದರೆ ನಷ್ಟವೂ ಎರಡು.

ಮಳೆ ಬಿಟ್ಟು, ಕರೆಂಟ್ ಬಂದು ಹತ್ತು ನಿಮಿಷ ನಿಂತ ಮೇಲೆ ಮತ್ತೆ ಸಿಕ್ಕಿಸಿ. ಟಾರ್ಚ್ ಹಿಡಿದು, ಕೆಳಗಿನ ಸಾಲಿಗೆ.